ಕೇಳಿದವರಿಗೆಲ್ಲ ಒಂದೇ ಉತ್ತರ

ನಮ್ಮ ಊರಿನಲ್ಲಿ ಬೆಳಿಗ್ಗೆ ಎದ್ದವರು ಮೊದಲು ಮುಖ ತೊಳೆಯುವುದಿಲ್ಲ. ಬಾಗಿಲು ತೆರೆದು, ಇವತ್ತು ಯಾವ ಬೀದಿಗೆ ಬಂದಿದ್ದೇವೆ ಎಂದು ನೋಡುತ್ತಾರೆ. ನಸುಕಿನಲ್ಲಿ ಮನೆಗಳು ಜಾಗ ಬದಲಿಸುತ್ತವೆ. ನಿನ್ನೆ ಕಲ್ಲುಬಾವಿ ಬೀದಿಯಲ್ಲಿದ್ದ ಮನೆ ಇವತ್ತು ಗಾಣದ ಬೀದಿಯ ಕೊನೆಯಲ್ಲಿರಬಹುದು. ಒಲೆಯ ಮೇಲಿಟ್ಟ ಹಾಲು ಕೂಡ ತುಳುಕಿರುವುದಿಲ್ಲ. ಮರಗಳು, ಅಂಗಡಿಗಳು, ಬೀದಿ ನಲ್ಲಿಗಳು ಇದ್ದಲ್ಲೇ ಇರುತ್ತವೆ. ಸರ್ಕಾರಿ ಕಟ್ಟಡಗಳೂ ಕದಲುವುದಿಲ್ಲ. ಅವು ಕದಲಬೇಕಾದರೆ ಮೇಲಿನಿಂದ ಆದೇಶ ಬರಬೇಕು ಎಂದು ಜನ ಆಡಿಕೊಳ್ಳುತ್ತಾರೆ.

ನಮ್ಮ ಊರು ಎಂದು ಬರೆದೆ. ಸರಿಯಾಗಿ ಹೇಳಬೇಕೆಂದರೆ ನಾನು ಪುರಸಭೆಯ ಕೆಲಸಕ್ಕೆ ವರ್ಗವಾಗಿ ಇಲ್ಲಿಗೆ ಬಂದು ಮೂರು ವರ್ಷವಾಯಿತು ಅಷ್ಟೆ. ಕಚೇರಿಯ ಹಿಂದಿನ ಕ್ವಾರ್ಟರ್ಸಿನಲ್ಲಿದ್ದೇನೆ. ಹಾಗಾಗಿ ನನಗೆ ಪ್ರತಿದಿನ ಅದೇ ಹಿತ್ತಲು, ಅದೇ ಪಪ್ಪಾಯಿ ಗಿಡ. ಊರಿನವರಿಗೆ ನನ್ನ ಮೇಲೆ ಇದಕ್ಕೇ ಸ್ವಲ್ಪ ಕನಿಕರ. ದಿನಾ ಅದೇ ನೆರೆಹೊರೆಯವರ ಮುಖ ನೋಡುವುದು ಹೇಗೆ ಎಂದು ಕೇಳುತ್ತಾರೆ.

ಕದಲುವ ಮನೆಗಳನ್ನು ಹುಡುಕಲು ಎಲ್ಲರ ಫೋನಿನಲ್ಲೂ ‘ಎಲ್ಲಿ’ ಎಂಬ ವೆಬ್ ಆ್ಯಪ್ ಇದೆ. ಬೆಳಿಗ್ಗೆ ಪ್ರತಿ ಮನೆಯಿಂದ ಒಬ್ಬರು ಹೊರಗೆ ಬಂದು, ಬೀದಿಯ ಹೆಸರಿನ ಕಲ್ಲು ನೋಡಿ, ಮೂಲೆಯಿಂದ ತಮ್ಮದು ಎಷ್ಟನೆಯ ಮನೆ ಎಂದು ಒತ್ತಿ ತಿಳಿಸುತ್ತಾರೆ. ಆಮೇಲೆ ಯಾರ ಹೆಸರು ಹಾಕಿದರೂ ಅವರು ಇವತ್ತು ಎಲ್ಲಿದ್ದಾರೆಂದು ಅದು ಹೇಳುತ್ತದೆ. ಬರೆದವನು ಇದೇ ಊರಿನ ಮುಕುಂದ. ಹದಿಮೂರು ವರ್ಷದ ಹಿಂದೆ ಬರೆದು, ಕೋಡನ್ನೆಲ್ಲ ಸಾರ್ವಜನಿಕವಾಗಿ ತೆರೆದಿಟ್ಟು, ‘ಯಾರು ಬೇಕಾದರೂ ತಿದ್ದಬಹುದು’ ಎಂದು ಟಿಪ್ಪಣಿ ಹಾಕಿ, ಮನೆಗಳು ನಿಂತಲ್ಲೇ ನಿಲ್ಲುವ ಒಂದು ಊರಿಗೆ ಹೊರಟುಹೋದ. ಯಾರು ಬೇಕಾದರೂ ಎಂದಿದ್ದರಿಂದ ಯಾರೂ ತಿದ್ದಲಿಲ್ಲ.

ಒಂದು ದಿನ ಮುಖ್ಯಾಧಿಕಾರಿ ಬೋರಲಿಂಗಯ್ಯನವರು ನನ್ನನ್ನು ಕರೆಸಿದರು. ಅವರೂ ಹೊರಗಿನವರೇ, ಬಂದು ಆರು ತಿಂಗಳಾಗಿತ್ತು.

“ನಳಿನಾಕ್ಷಿಯವರೇ, ನೀವು ಬಿಎಸ್ಸಿ ಕಂಪ್ಯೂಟರ್ ಅಲ್ವಾ?”

“ಹೌದು ಸಾರ್. ಆದರೆ ನಾನಿರೋದು ಜನನ ಮರಣ ವಿಭಾಗದಲ್ಲಿ.”

“ಇದೂ ಅದೇ ತಾನೆ. ಹಳೇದು ಸಾಯ್ತಾ ಇದೆ, ಹೊಸದು ಹುಟ್ಟಬೇಕು.”

ಅವರು ಒಂದು ಪತ್ರ ಮುಂದಿಟ್ಟರು. ಮುಕುಂದ ‘ಎಲ್ಲಿ’ಯನ್ನು ಕಟ್ಟಿದ್ದು ಒಂದು ಫ್ರೇಮ್‌ವರ್ಕಿನ, ಅಂದರೆ ಆ್ಯಪ್ ಕಟ್ಟಲು ಸಿದ್ಧವಾಗಿ ಸಿಗುವ ಚೌಕಟ್ಟಿನ, ಎರಡನೆಯ ಆವೃತ್ತಿಯ ಮೇಲೆ. ಹೊರಗಿನ ಲೋಕದಲ್ಲಿ ಈಗ ಹನ್ನೊಂದನೆಯದು ನಡೆಯುತ್ತಿದೆ. ಇನ್ನು ಎಂಟು ವಾರ ಕಳೆದ ಮೇಲೆ ಎರಡನೆಯದು ನಮ್ಮಲ್ಲಿ ಓಡುವುದಿಲ್ಲ ಎಂದು ಸರ್ವರಿನವರು ಬರೆದಿದ್ದರು. ಹಿಂದೊಮ್ಮೆ ಅದು ಒಂದೇ ಒಂದು ಮಧ್ಯಾಹ್ನ ನಿಂತಾಗ ಮನೆ ಸಿಗದೆ ಯಾರ್ಯಾರದೋ ಮನೆಗೆ ಹೊಕ್ಕ ಮೂವರು ಇಂದಿಗೂ ಅಲ್ಲೇ ಇದ್ದಾರಂತೆ. ಒಬ್ಬರು ಆ ಮನೆಯ ಮಗಳ ಧಾರೆಯನ್ನೂ ಎರೆದುಕೊಟ್ಟಿದ್ದಾರೆ.

ನಾನು ಮೊದಲ ವಾರ ಪೂರ್ತಿ ಓದಿದೆ. ಬೇರೆಯವರು ಬಿಟ್ಟುಹೋದ ಕೋಡ್ ಓದುವುದೆಂದರೆ ಬೇರೆಯವರ ಬೀರು ತೆಗೆದಂತೆ. ಮುಕುಂದ ಅಲ್ಲಲ್ಲಿ ತನಗೇ ಟಿಪ್ಪಣಿ ಬರೆದುಕೊಂಡಿದ್ದ. ‘ಇದು ಯಾಕೆ ನಡೆಯುತ್ತಿದೆಯೋ ಗೊತ್ತಿಲ್ಲ.’ ‘ಮಂಗಳವಾರ ಇದು ಎರಡು ಸಲ ಓಡುತ್ತದೆ. ಓಡಲಿ.’ ಇಂಥ ಕಡೆ ನಾನು ನಿಟ್ಟುಸಿರು ಬಿಟ್ಟು ಮುಂದೆ ಹೋಗುತ್ತಿದ್ದೆ. ಆದರೆ ನಾನೂರನೆಯ ಸಾಲಿನ ಹತ್ತಿರ ಹಾಗೆ ಮುಂದೆ ಹೋಗಲಾಗಲಿಲ್ಲ. ಆ ಸಾಲು ಹೇಳುತ್ತಿದ್ದುದು ಇಷ್ಟು: ಕೇಳುತ್ತಿರುವ ಫೋನು ಫಣಿರಾಜನದಾದರೆ, ತುಂಗಾ ಎಂಬ ಹೆಸರಿಗೆ ‘ಇಲ್ಲ’ ಎಂದು ಉತ್ತರಿಸು. ಮೇಲೆ ಟಿಪ್ಪಣಿ ಇತ್ತು, ‘ತೆಗೆಯಬೇಡಿ.’

ಮುಕುಂದನ ಹಳೆಯ ವಿಳಾಸಕ್ಕೆ ಮೇಲ್ ಹಾಕಿದೆ. ಎರಡು ದಿನದ ಮೇಲೆ ಉತ್ತರ ಬಂತು. ‘ಆ ಕೋಡ್ ಈಗ ನನಗೂ ಅರ್ಥವಾಗುವುದಿಲ್ಲ. ಒಂದು ಸಾಲು ಮಾತ್ರ ಉಳಿಸಿ. ಯಾವುದು ಅಂತ ನಿಮಗೇ ಗೊತ್ತಾಗಿರುತ್ತದೆ.’

ತೊಂದರೆ ಇದ್ದದ್ದು ಅಲ್ಲಿಯೇ. ಹನ್ನೊಂದನೆಯ ಆವೃತ್ತಿಯಲ್ಲಿ, ಕೇಳುವವರು ಯಾರು ಎಂದು ಹುಡುಕಾಟಕ್ಕೆ ತಿಳಿಯುವುದಿಲ್ಲ. ಆ ಸೌಲಭ್ಯವನ್ನು ಫ್ರೇಮ್‌ವರ್ಕ್ ಮಾಡಿದವರು ತೆಗೆದುಹಾಕಿದ್ದರು. ಯಾರೇ ಕೇಳಲಿ, ಕೇಳಿದವರಿಗೆಲ್ಲ ಒಂದೇ ಉತ್ತರ. ಅವರ ಕೈಪಿಡಿಯಲ್ಲಿ ಇದನ್ನು ಸುಧಾರಣೆ ಎಂದು ಬರೆದಿದ್ದರು.

ಫಣಿರಾಜ ಯಾರೆಂದು ನಾನು ಕೇಳಬೇಕಾಗಿರಲಿಲ್ಲ. ಊರಿಗೆ ಇರುವುದೊಂದೇ ಕನ್ನಡಕದ ಅಂಗಡಿ, ಅದು ಅವರದು. ನನ್ನ ಕನ್ನಡಕವೂ ಅವರೇ ಮಾಡಿಕೊಟ್ಟದ್ದು. ಮೃದು ಮಾತಿನ, ಇಸ್ತ್ರಿ ಅಂಗಿಯ ಮನುಷ್ಯ. ಹೊಸ ಆವೃತ್ತಿಯ ಸಾರ್ವಜನಿಕ ಸಮಿತಿಗೆ ತಾವಾಗಿಯೇ ಬಂದು ಸೇರಿದ್ದರು. ಎರಡು ದಿನಕ್ಕೊಮ್ಮೆ ನನ್ನ ಮೇಜಿನ ಹತ್ತಿರ ಬಾಳೆಹಣ್ಣು ಹಿಡಿದು ಬರುತ್ತಿದ್ದರು.

“ಹೇಗೆ ನಡೀತಿದೆ ಮೇಡಂ? ಹೊಸದರಲ್ಲಿ ಎಲ್ಲರೂ ಕಾಣಿಸ್ತಾರೆ ಅಲ್ವಾ?”

“ಪ್ರಯತ್ನ ಮಾಡ್ತಿದೀನಿ ಸಾರ್.”

“ನನ್ನ ಹೆಂಡತಿ ಹೋಗಿ ಹದಿಮೂರು ವರ್ಷ ಆಯ್ತು. ಈ ಊರಲ್ಲೇ ಇದಾಳೆ, ನಂಗೊತ್ತು. ನನ್ನ ಫೋನಲ್ಲಿ ಹಾಕಿದ್ರೆ ಇಲ್ಲ ಅನ್ನುತ್ತೆ. ಬೇರೆಯವರ ಫೋನ್ ಕೇಳಿದ್ರೆ ಚಾರ್ಜ್ ಇಲ್ಲ ಅಂತಾರೆ. ಒಬ್ಬರಲ್ಲ ಇಬ್ಬರಲ್ಲ. ನಾನು ಕೇಳೋ ಹೊತ್ತಿಗೆ ಈ ಊರಲ್ಲಿ ಯಾರ ಫೋನಲ್ಲೂ ಚಾರ್ಜ್ ಇರಲ್ಲ ಮೇಡಂ. ಇದೆಂಥ ವಿಚಿತ್ರ ನೋಡಿ.”

ಬೋರಲಿಂಗಯ್ಯನವರು ಒಳಗಿನಿಂದ ಕೇಳಿಸಿಕೊಂಡು “ಪಾಪ” ಎಂದರು. ನಾನೂ ಪಾಪ ಎನ್ನಬೇಕೆಂದುಕೊಂಡೆ. ಆದರೆ ನನಗೆ ನೋಡುವ ಚಾಳಿ. ಫಣಿರಾಜರ ಹಿಂದೆ ಯಾವಾಗಲೂ ಅವರ ನಾಯಿ ಬರುತ್ತದೆ. ಹಗ್ಗವಿಲ್ಲ, ಕರೆಯುವುದೂ ಇಲ್ಲ. ಅವರು ನಡೆದರೆ ನಡೆಯುತ್ತದೆ, ನಿಂತರೆ ನಿಲ್ಲುತ್ತದೆ. ಅವರಿಗೂ ಅದಕ್ಕೂ ನಡುವಿನ ಅಂತರವನ್ನು ನಾನು ಎಷ್ಟೋ ಸಲ ಗಮನಿಸಿದ್ದೇನೆ. ಚಾಚಿದ ಒಂದು ಕೈಯಳತೆ, ಅದರ ಮೇಲೆ ಒಂದು ಗೇಣು. ಯಾವತ್ತೂ ಅದಕ್ಕಿಂತ ಹತ್ತಿರವಿಲ್ಲ. ಅವರು ನಕ್ಕಾಗ ಅದು ಇನ್ನೊಂದು ಗೇಣು ಹಿಂದೆ ಸರಿಯುತ್ತದೆ.

ಕಚೇರಿ ಗುಡಿಸುವ ಕೆಂಪಾಜಮ್ಮನನ್ನು ಮೆಲ್ಲಗೆ ಕೇಳಿದೆ, ತುಂಗಾ ಅಂದರೆ ಯಾರು ಎಂದು. ಅವಳು ಪೊರಕೆ ನಿಲ್ಲಿಸಲಿಲ್ಲ.

“ಯಾವ ತುಂಗಾ ಮೇಡಮ್ಮ? ನಂಗೊತ್ತಿಲ್ಲ.”

“ಕೋಡಲ್ಲಿ ಹೆಸರಿದೆ ಕೆಂಪಾಜಮ್ಮ. ಹೊಸದು ಬಂದರೆ ಆ ಸಾಲು ಇರೋದಿಲ್ಲ. ಫಣಿರಾಜರಿಗೂ ಕಾಣಿಸಿಬಿಡ್ತಾಳೆ.”

ಈಗ ಪೊರಕೆ ನಿಂತಿತು. ಅವಳು ಬಾಗಿಲ ಕಡೆ ನೋಡಿ ಹತ್ತಿರ ಬಂದಳು. “ಎರಡು ವರ್ಷದಿಂದ ಇಲ್ಲಿದೀರಿ. ದಿನಾ ಬೀದೀಲಿ ತಟ್ಟೆ ಬಡಿಯೋ ಸದ್ದು ಕೇಳ್ತೀರಲ್ಲ, ಏನಂದ್ಕೊಂಡಿದೀರಿ?”

“ಕಾಗೆಗೆ ಅನ್ನ ಇಡ್ತಾರೆ ಅಂತ.”

“ಇಷ್ಟು ಕಾಗೆಗಳನ್ನ ಸಾಕೋಕೆ ನಮಗೇನು ಹುಚ್ಚಾ? ಆವಯ್ಯ ಹುಡುಕ್ಕೊಂಡು ಬೀದಿಗೆ ಕಾಲಿಟ್ಟರೆ ತಟ್ಟೆ ಬಡೀತೀವಿ. ಅವಳು ಬಾಗಿಲು ಹಾಕ್ಕೊಳ್ಳಲಿ ಅಂತ.”

ನನಗೆ ನಾಚಿಕೆಯಾಯಿತು. ದಿನವೂ ಕಿಟಕಿಯಲ್ಲಿ ನಿಂತು ಊರನ್ನೆಲ್ಲ ಗಮನಿಸುತ್ತೇನೆಂದು ತಿಳಿದಿದ್ದವಳು ನಾನು. ಕೆಂಪಾಜಮ್ಮ ವಿವರಿಸಿದಳು. ಮನೆಗಳು ದಿನಾ ಸ್ಥಳ ಬದಲಿಸುವುದರಿಂದ ಈ ಹದಿಮೂರು ವರ್ಷಗಳಲ್ಲಿ ಫಣಿರಾಜರದೊಂದನ್ನು ಬಿಟ್ಟು ಊರಿನ ಪ್ರತಿಯೊಂದು ಮನೆಯೂ ಒಂದಲ್ಲ ಒಂದು ದಿನ ತುಂಗಾಳ ಪಕ್ಕದ ಮನೆಯಾಗಿತ್ತು. ಎಲ್ಲರಿಗೂ ಗೊತ್ತಿತ್ತು. ಅವರನ್ನು ಬಿಟ್ಟರೆ ಗೊತ್ತಿಲ್ಲದೆ ಇದ್ದವರು ಕದಲದ ಕಟ್ಟಡದಲ್ಲಿರುವ ನಾನು ಮತ್ತು ಮುಖ್ಯಾಧಿಕಾರಿ ಇಬ್ಬರೇ.

ಮರುದಿನ ಕೆಂಪಾಜಮ್ಮ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಅದು ಹಪ್ಪಳ ಮಾಡುವ ಹಾಲಮ್ಮನ ಮನೆ. ತುಂಗಾ ಇರುವುದು ಅವರ ಜೊತೆ. ತುಂಗಾಳಿಗೆ ನಲವತ್ತೈದರ ಸುಮಾರು. ಶಾಲೆಯ ಸಮವಸ್ತ್ರಕ್ಕೆ ಗುಂಡಿ ಹಾಕುತ್ತಾ ಕುಳಿತಿದ್ದಳು. ಮಾತನಾಡಿಸಿದಾಗ ಬಲಗಿವಿಯನ್ನು ನಮ್ಮ ಕಡೆ ತಿರುಗಿಸಿದಳು.

“ಎಡಗಡೆ ಕೇಳಲ್ಲ. ಅವರು ನನ್ನನ್ನ ಕರೀತಿದ್ದಿದ್ದೇ ಆ ಕಡೆಯಿಂದ, ಕೈಯಲ್ಲಿ,” ಎಂದಳು. ಮತ್ತೆ ಗುಂಡಿ ಹಾಕತೊಡಗಿದಳು.

ನಾನು ಹೊಸ ಆವೃತ್ತಿಯ ವಿಷಯ ತಿಳಿಸಿದೆ. ಆದಷ್ಟು ಎಚ್ಚರದಿಂದ, ಪದ ಹುಡುಕಿ ಹುಡುಕಿ ಹೇಳಿದೆ. ಹಾಲಮ್ಮ ಹಪ್ಪಳದ ಹಿಟ್ಟು ನಾದುತ್ತಲೇ ಕೇಳಿಸಿಕೊಂಡರು.

“ಅಲ್ಲ ಮಗಾ, ಹೊಸದು ಅಂದ್ರೆ ಹಳೇದಕ್ಕಿಂತ ಬುದ್ಧಿ ಜಾಸ್ತಿ ಇರಬೇಕಲ್ವಾ? ಯಾರು ಕೇಳ್ತಿದಾರೆ ಅಂತ್ಲೂ ನೋಡದೆ ಬಾಯಿಬಿಡೋದು ಎಂಥ ಬುದ್ಧಿ?”

“ನನ್ನ ಹೆಸರೇ ಬಿಟ್ಟುಬಿಡಿ,” ಎಂದಳು ತುಂಗಾ. “ಬೇಕಾದವರು ಹಾಲಮ್ಮನ ಹೆಸರು ಹಾಕ್ಕೊಂಡು ಬರ್ತಾರೆ.”

“ಹಾಗೇ ಮಾಡ್ತೀನಿ ತುಂಗಕ್ಕ.”

“ಆಗದಿದ್ರೆ ಮೊದಲೇ ಹೇಳಿಬಿಡಿ. ಹಿಂದಿನ ದಿನವೇ ಊರು ಬಿಡ್ತೀನಿ. ಆದರೆ ಒಂದು ಮಾತು. ಕದಲದ ಊರಲ್ಲಿ ನನ್ನಂಥೋಳು ಎಲ್ಲಿ ಬಚ್ಚಿಟ್ಟುಕೊಳ್ಳಲಿ? ಅಲ್ಲಿ ಮನೆ ನಿನ್ನೆ ಇದ್ದಲ್ಲೇ ಇರುತ್ತಂತೆ.”

ಮುಂದಿನ ವಾರಗಳಲ್ಲಿ ನಾನು ಅನ್ನದ ರುಚಿ ಮರೆತು ಕೆಲಸ ಮಾಡಿದೆ. ಮೊದಲು ಚಿಕ್ಕ ತಪ್ಪೊಂದನ್ನು ಸರಿಪಡಿಸಿದೆ. ಮುಕುಂದ ಮನೆಗಳನ್ನು ಸೊನ್ನೆಯಿಂದ ಎಣಿಸಿದ್ದ. ಹಾಗಾಗಿ ‘ಎಲ್ಲಿ’ ಯಾವಾಗಲೂ ಒಂದು ಮನೆ ಹಿಂದಿನದನ್ನು ತೋರಿಸುತ್ತಿತ್ತು. ಇಂಥದ್ದು ಕಣ್ಣಿಗೆ ಬಿದ್ದರೆ ನನಗೆ ನಿದ್ದೆ ಬರುವುದಿಲ್ಲ. ತಿದ್ದಿ, ತುಂಗಾಳ ಹೆಸರೊಂದನ್ನು ಸೇರಿಸದೆ, ಹೊಸದನ್ನು ಒಂದು ಸೋಮವಾರ ಊರಿಗೆಲ್ಲ ಪರೀಕ್ಷೆಗಾಗಿ ಬಿಟ್ಟೆ.

ಅದೊಂದು ದಿನವನ್ನು ಜನ ಇನ್ನೂ ಮರೆತಿಲ್ಲ. ತೋರಿಸಿದ್ದಕ್ಕಿಂತ ಒಂದು ಮನೆ ಮುಂದೆ ಹೋಗುವುದು ಇಲ್ಲಿ ಎಲ್ಲರಿಗೂ ಹದಿಮೂರು ವರ್ಷದ ರೂಢಿ. ಮದುವೆಯ ಕರೆಯೋಲೆಯಲ್ಲೂ ಅದನ್ನು ಅಚ್ಚು ಹಾಕಿಸುತ್ತಾರೆ. ಆ ಸೋಮವಾರ ‘ಎಲ್ಲಿ’ ಸರಿಯಾದ ಮನೆಯನ್ನೇ ತೋರಿಸಿತು. ಇಡೀ ಊರು ಅದರ ಮುಂದಿನ ಮನೆಗೆ ಹೋಯಿತು. ಹೆಣ್ಣು ನೋಡಲು ಬಂದವರು ಪಕ್ಕದ ಮನೆಯ ಹುಡುಗಿಯನ್ನು ನೋಡಿ, ಉಪ್ಪಿಟ್ಟು ತಿಂದು, ಒಪ್ಪಿಗೆ ಕೊಟ್ಟು ಬಂದರು. ಕ್ಷೌರದ ಮುನಿಯಪ್ಪ ವ್ರತಕ್ಕೆಂದು ಗಡ್ಡ ಬಿಟ್ಟಿದ್ದವರನ್ನು ನಿದ್ದೆಯಲ್ಲೇ ಬೋಳಿಸಿದ. ಊಟಕ್ಕೆ ಕರೆದವರ ಮನೆಗೆಂದು ಹೊರಟ ಬೋರಲಿಂಗಯ್ಯನವರೂ ಬೇರೆ ಮನೆಯಲ್ಲಿ ಉಂಡರು. ಸಾರು ಚೆನ್ನಾಗಿತ್ತೆಂದು ಆಮೇಲೆ ಒಪ್ಪಿಕೊಂಡರು.

ಸಂಜೆ ಸಮಿತಿ ಸೇರಿತು. ಕಚೇರಿಯ ವೆರಾಂಡ ತುಂಬ ಜನ.

“ಹೊಸದು ತಪ್ಪು ತೋರಿಸ್ತಿದೆ,” ಎಂದರು ಒಬ್ಬರು.

“ಇಲ್ಲ, ಹೊಸದು ಸರಿಯಾಗಿಯೇ ತೋರಿಸ್ತಿದೆ,” ಎಂದೆ ನಾನು.

“ಅದೇ ನಾವು ಹೇಳ್ತಿರೋದು ಮೇಡಂ. ಸರಿ ತೋರಿಸೋಕೆ ಯಾರು ಹೇಳಿದ್ದು?”

ಬೋರಲಿಂಗಯ್ಯನವರು ಕೂಡಲೇ ಆದೇಶ ಬರೆಸಿದರು: ಹಳೆಯ ಆವೃತ್ತಿಯ ತಪ್ಪುಗಳನ್ನು ಹೊಸದರಲ್ಲೂ ಯಥಾವತ್ತಾಗಿ ಉಳಿಸಿಕೊಳ್ಳತಕ್ಕದ್ದು. ನಾನು ಒಳಗೊಳಗೇ ಹಿಗ್ಗಿದೆ. ಆ ಆದೇಶದ ಮರೆಯಲ್ಲಿ ತುಂಗಾಳ ಹೆಸರು ಬಿಟ್ಟುಬಿಡಬಹುದು, ಯಾರಾದರೂ ಕೇಳಿದರೆ ಅದೂ ಹಳೆಯ ತಪ್ಪೇ ಎನ್ನಬಹುದು.

ಆಗ ಫಣಿರಾಜರು ಎದ್ದು ನಿಂತರು. ವೆರಾಂಡದಲ್ಲಿ ಹೆಂಗಸರು ಮಾತು ನಿಲ್ಲಿಸಿದರು.

“ಒಂದು ಮನೆ ಹಿಂದೆ ಮುಂದೆ ಇರಲಿ, ಅದು ರೂಢಿ. ಆದರೆ ಜನರ ಪಟ್ಟಿ ಪೂರ್ತಿ ಇರಬೇಕು ತಾನೆ? ಹಳೇದರಲ್ಲಿ ಯಾರು ಬೇಕಾದರೂ ತಮ್ಮ ಹೆಸರು ತಾವೇ ಸೇರಿಸಬಹುದಿತ್ತು, ತೆಗೀಬಹುದಿತ್ತು. ಹೀಗಾಗಿ ಕೆಲವರು ಕಾಣೋದೇ ಇಲ್ಲ. ಹೊಸದಕ್ಕೆ ರೇಷನ್ ಕಾರ್ಡಿನ ಪಟ್ಟಿ ಹಾಕಿ ಸಾರ್. ಅದರಲ್ಲಿ ಒಂದು ಹೆಸರೂ ತಪ್ಪಿಲ್ಲ. ಬೇಕಾದರೆ ನನ್ನ ಹೆಂಡತಿ ಹೆಸರೇ ನೋಡಿ. ಹದಿಮೂರು ವರ್ಷ ಆದರೂ ಕಾರ್ಡಲ್ಲಿ ಹಾಗೇ ಇಟ್ಟಿದೀನಿ.”

“ಅವಳ ಪಾಲಿನ ಅಕ್ಕಿ ಬರುತ್ತಲ್ಲ, ಅದಕ್ಕೆ,” ಎಂದು ಹಿಂದಿನಿಂದ ಯಾರೋ ಹೆಂಗಸು ಮೆಲ್ಲಗೆ ಹೇಳಿದರು.

ಬೋರಲಿಂಗಯ್ಯನವರಿಗೆ ರೇಷನ್ ಕಾರ್ಡ್ ಎಂದರೆ ವೇದವಾಕ್ಯ. “ಸರಿಯಾದ ಸಲಹೆ,” ಎಂದು ಅದನ್ನೂ ಆದೇಶಕ್ಕೆ ಸೇರಿಸಿದರು. ಪಟ್ಟಿಯಿಂದ ಒಂದೇ ಒಂದು ಹೆಸರು ಬಿಟ್ಟುಹೋದರೂ ಸಂಬಂಧಪಟ್ಟ ನೌಕರರೇ ಹೊಣೆ. ಸಂಬಂಧಪಟ್ಟ ನೌಕರರು ಎಂದರೆ ನಾನೇ. ಫಣಿರಾಜರು ನನ್ನ ಕಡೆ ನೋಡಿ ನಕ್ಕರು. ನಾಯಿ ವೆರಾಂಡದ ಮೆಟ್ಟಿಲಿಳಿದು ಹೋಯಿತು.

ನಾನು ಆ ವಾರ ತುಂಗಾಳ ಬಳಿಗೆ ಹೋಗಲಿಲ್ಲ. ಮಾತು ಕೊಟ್ಟು ತಪ್ಪಿದವಳ ಮುಖ ಹೇಗಿರಬೇಕೆಂದು ನನಗೆ ತಿಳಿಯಲಿಲ್ಲ. ಬದಲಾಯಿಸುವ ದಿನಕ್ಕೆ ಎರಡೇ ದಿನ ಉಳಿದಾಗ, ಮಧ್ಯಾಹ್ನ ಊಟ ಬಿಟ್ಟು, ರೇಷನ್ ಪಟ್ಟಿಯನ್ನು ಹೊಸ ಆವೃತ್ತಿಗೆ ತುಂಬಿಸಿದೆ. ಅದಕ್ಕೊಂದು ಕಟ್ಟುನಿಟ್ಟು ಇತ್ತು: ಪ್ರತಿ ವ್ಯಕ್ತಿಗೂ ಒಂದು ಮನೆ ಇರಲೇಬೇಕು, ಒಂದೇ ಇರಬೇಕು. ಕಾರ್ಡಿನಲ್ಲಿ ಯಾವ ಮನೆಯೋ ಅದೇ ಅವರ ಮನೆ. ಒಂದೊಂದೇ ಹೆಸರು ತೆರೆಯ ಮೇಲೆ ಏರುತ್ತಿತ್ತು. ‘ತ’ ಅಕ್ಷರ ಹತ್ತಿರ ಬಂದಂತೆ ನಾನು ಕುರ್ಚಿಯನ್ನು ತೆರೆಯ ಹತ್ತಿರಕ್ಕೆ ಎಳೆದುಕೊಂಡೆ. ತುಂಗಾ ಬಂದಳು. ಅವಳ ಹೆಸರಿನ ಮುಂದೆ ಮನೆ ಯಾವುದೆಂದು ಓದಿದೆ. ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದೆ.

ಆಮೇಲೆ ಎದ್ದು ಕೈ ತೊಳೆದುಕೊಂಡು, ಮೂರು ವಾರದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ. ಊರು ಬಿಡುವುದು ಬೇಡ ಎಂದು ಕೆಂಪಾಜಮ್ಮನ ಮೂಲಕ ತುಂಗಾಳಿಗೆ ಹೇಳಿಕಳಿಸಿದೆ.

ಹೊಸದು ಶುರುವಾದ ಬೆಳಿಗ್ಗೆ, ಎಲ್ಲರೂ ತಮ್ಮ ತಮ್ಮ ಮನೆಯ ಜಾಗ ಒತ್ತಿಯಾದ ಮೇಲೆ, ಫಣಿರಾಜರು ಕಚೇರಿಗೇ ಬಂದರು. ಎಲ್ಲರ ಎದುರಿಗೆ ನೋಡಬೇಕೆಂದು ಅವರ ಆಸೆ. ಇಸ್ತ್ರಿ ಅಂಗಿಯ ಮೇಲೆ ಸೆಂಟು ಹಾಕಿಕೊಂಡಿದ್ದರು. ಹೆಸರು ಒತ್ತಿದರು. ಹದಿಮೂರು ವರ್ಷದಲ್ಲಿ ಮೊದಲ ಬಾರಿಗೆ ಅವರ ಫೋನು ‘ಇಲ್ಲ’ ಎನ್ನಲಿಲ್ಲ.

“ಮಾವಿನಮರದ ಬೀದಿ. ಎಂಟನೆ ಮನೆ,” ಎಂದು ಗಟ್ಟಿಯಾಗಿ ಓದಿದರು. “ಅಂದರೆ ಒಂಬತ್ತು.”

ಅವರು ಓಡಿದರು. ವಯಸ್ಸಾದ ಮನುಷ್ಯ ಹಾಗೆ ಓಡುವುದನ್ನು ನಾನು ನೋಡಿರಲಿಲ್ಲ. ದಾರಿಯುದ್ದಕ್ಕೂ ಹೆಂಗಸರು ತಟ್ಟೆ ಬಡಿದರು, ರೂಢಿಯಂತೆ. ನಾನೂ ಕೆಂಪಾಜಮ್ಮನೂ ಹಿಂದೆಯೇ ಹೋದೆವು. ಮಾವಿನಮರದ ಬೀದಿಯಲ್ಲಿ ಮೂಲೆಯಿಂದ ಬೆರಳು ಮಡಿಸುತ್ತ ಎಣಿಸಿ, ಒಂಬತ್ತನೆಯ ಮನೆಯ ಮುಂದೆ ಅವರು ನಿಂತರು. ಅದು ಅವರದೇ ಮನೆ. ಅರ್ಧ ಗಂಟೆಯ ಹಿಂದೆ ತಾವೇ ಬೀಗ ಹಾಕಿಕೊಂಡು ಹೊರಟಿದ್ದ ಮನೆ; ಬೆಳಿಗ್ಗೆ ತಾವೇ ಒತ್ತಿದ ಜಾಗ ಆತುರದಲ್ಲಿ ಮರೆತೇಹೋಗಿತ್ತು.

ನಾನು ಸುಳ್ಳು ಬರೆದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಕಾರ್ಡಿನಲ್ಲಿ ಹೇಗಿತ್ತೋ ಹಾಗೆಯೇ ತುಂಬಿಸಿದ್ದೇನೆ.

ಅವರು ಬೀಗ ತೆಗೆದು ಒಳಗೆ ಹೋದರು. ಕೋಣೆಗಳಲ್ಲಿ ಹುಡುಕಿದರು, ಅಟ್ಟ ಹತ್ತಿದರು, ಬಚ್ಚಲಿನ ಹಂಡೆಯೊಳಗೂ ಇಣುಕಿದರು. ಹೊರಗೆ ಬಂದು ಫೋನು ನೋಡಿದರು. ಅಲ್ಲಿ ನಿಂತಿದ್ದ ಮುನಿಯಪ್ಪನ ಫೋನು ಕೇಳಿದರು. ಮುನಿಯಪ್ಪ ಕೂಡಲೇ ಕೊಟ್ಟ. ಕೆಂಪಾಜಮ್ಮ ಕೊಟ್ಟಳು. ಅಂದು ಊರಿನಲ್ಲಿ ಎಲ್ಲರ ಫೋನಿನಲ್ಲೂ ಚಾರ್ಜ್ ಇತ್ತು. ಎಲ್ಲದರಲ್ಲೂ ಅದೇ ಬೀದಿ, ಅದೇ ಮನೆ.

“ಕಾರ್ಡಿನ ಪ್ರಕಾರ ತಾನೆ ಮೇಡಂ?” ಎಂದು ನನ್ನನ್ನು ಕೇಳಿದರು.

“ಕಾರ್ಡಿನ ಪ್ರಕಾರವೇ ಸಾರ್. ತಪ್ಪಿದ್ದರೆ ಆ ಹೆಸರು ತೆಗೆಸೋಕೆ ಅರ್ಜಿ ಕೊಡಬಹುದು.”

ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. ಅರ್ಜಿ ಕೊಟ್ಟರೆ ಅವಳು ಯಾವ ಫೋನಿನಲ್ಲೂ ಇರುವುದಿಲ್ಲ, ಅಕ್ಕಿಯೂ ಇರುವುದಿಲ್ಲ. ಹದಿಮೂರು ವರ್ಷದ ಮೇಲೆ ‘ಇದ್ದಾಳೆ’ ಎಂದ ಒಂದೇ ಒಂದು ವಸ್ತುವನ್ನು ಅವರು ಕೈಯಾರೆ ಸುಳ್ಳು ಮಾಡಬೇಕು. ಅವರು ಅರ್ಜಿ ಕೊಡಲಿಲ್ಲ. “ಮನೆಯಲ್ಲೇ ಇದಾಳೆ,” ಎಂದರು. “ನಾನು ಹೊರಗೆ ಹೋದಾಗ ಓಡಾಡ್ತಿರಬೇಕು.” ಆಮೇಲೆ ಅವಳು ತಪ್ಪಿಸಿಕೊಳ್ಳದಿರಲೆಂದು ಒಳಗೆ ಹೋಗಿ ಒಳಗಿನಿಂದ ಬೀಗ ಹಾಕಿಕೊಂಡರು.

ಈಗ ಆರು ತಿಂಗಳಾಗಿದೆ. ಕನ್ನಡಕ ಬೇಕಾದವರು ಕಿಟಕಿಯ ಸರಳುಗಳ ನಡುವೆ ಮುಖ ಇಟ್ಟು ಅಕ್ಷರ ಓದುತ್ತಾರೆ. ಅವರು ಒಳಗೇ ಗಾಜು ತಿಕ್ಕಿ ಕೊಡುತ್ತಾರೆ. ತಮಗೂ ತಿಂಗಳಿಗೊಂದು ಹೊಸ ಜೋಡಿ ಮಾಡಿಕೊಳ್ಳುತ್ತಾರೆ, ಹಿಂದಿನದಕ್ಕಿಂತ ದಪ್ಪದ್ದು. ದಿನಸಿಯನ್ನು ಅಂಗಡಿಯವರು ತಲುಪಿಸುತ್ತಾರೆ, ಇಬ್ಬರಿಗಾಗುವಷ್ಟು.

ಮೊನ್ನೆ ಬುಧವಾರ ಬೆಳಿಗ್ಗೆ ‘ಎಲ್ಲಿ’ ನೋಡಿದೆ. ಗಾಣದ ಬೀದಿಯಲ್ಲಿ ಮೂರನೆಯದು ಫಣಿರಾಜರ ಮನೆ, ನಾಲ್ಕನೆಯದು ಹಾಲಮ್ಮನದು. ಎಂದಾದರೂ ಆಗಲೇಬೇಕಿತ್ತು. ನಾನು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಓಡಿದೆ. ಫಣಿರಾಜರು ಕಿಟಕಿಯಲ್ಲೇ ನಿಂತಿದ್ದರು. ದಪ್ಪ ಗಾಜಿನ ಹಿಂದೆ ಕಣ್ಣುಗಳು ತುಂಬ ದೊಡ್ಡದಾಗಿ ಕಂಡವು.

“ಮೇಡಂ, ಇವತ್ತೂ ಇಲ್ಲೇ ಅಂತ ತೋರಿಸ್ತಿದೆಯಾ?”

“ತೋರಿಸ್ತಿದೆ ಸಾರ್.”

“ಸರಿ. ಒಂದು ಉಪಕಾರ ಮಾಡಿ. ಪಕ್ಕದ ಮನೇಲಿ ಯಾರೋ ಹೆಂಗಸು ಬೆಳಿಗ್ಗೆಯಿಂದ ನಗ್ತಾ ಇದಾಳೆ. ಗೋಡೆ ಆಚೆಯಿಂದ ಒಂದೇ ಸಮ. ಸ್ವಲ್ಪ ಸುಮ್ಮನಿರೋಕೆ ಹೇಳ್ತೀರಾ? ಇವಳ ಹೆಜ್ಜೆ ಸದ್ದು ಕೇಳಿಸೋದಿಲ್ಲ.”

ನಾನು ಕಿವಿಗೊಟ್ಟೆ. ಹಾಲಮ್ಮ ಏನೋ ಹೇಳುತ್ತಿದ್ದರು, ತುಂಗಾ ಉಸಿರು ಕಟ್ಟುವಷ್ಟು ನಗುತ್ತಿದ್ದಳು. ಹನ್ನೊಂದು ವರ್ಷ ಅವಳೊಡನೆ ಸಂಸಾರ ಮಾಡಿದ ಮನುಷ್ಯ ಗೋಡೆಗೆ ಕಿವಿಯಿಟ್ಟು ಮುಖ ಸಿಂಡರಿಸಿಕೊಂಡರು.

“ಯಾರು ಮೇಡಂ ಅದು, ಹೊಸಬರಾ?”

“ಗೊತ್ತಿಲ್ಲ ಸಾರ್, ಹೇಳಿ ನೋಡ್ತೀನಿ,” ಎಂದು ನಾನು ಪಕ್ಕದ ಮನೆಯ ಬಾಗಿಲು ತಟ್ಟಿದೆ. ಒಳಗೆ ಹೋಗಿ ಕೂತು, ಹಾಲಮ್ಮ ಸುಟ್ಟುಕೊಟ್ಟ ಹಪ್ಪಳ ತಿಂದು ಬಂದೆ. ಸುಮ್ಮನಿರಿ ಎಂದು ಹೇಳಲಿಲ್ಲ.